ಸುತ್ತಿಗೆ ಅಕ್ಕ ಹೊಗೆ ವಿಸ್ಕಿ ಕುಡಿದ ದಿನ

ದಿನಾ ರಾಶಿ ರಾಶಿ ಬಾಟಲಿಗಳ ಕತ್ತು ಮುರಿಯುವ ಹೆಂಗಸನ್ನು ಜನ ಇನ್ನೇನೆಂದು ಕರೆದಾರು? ಸುತ್ತಿಗೆ ಅಕ್ಕ ಎಂದರು. ಮೇಲೆ ರೂಮುಗಳು, ಕೆಳಗೆ ಬಾರು ಇದ್ದ ದೊಡ್ಡ ಹೋಟೆಲಿನ ಹಿಂದೆ, ಅಡುಗೆಮನೆಯ ಬಿಸಿಗಾಳಿ ಬಂದು ಬೀಳುವ ಓಣಿಯಲ್ಲಿ, ಮೂರು ಕಡೆ ತಗಡು ಒಂದು ಕಡೆ ಜಾಲರಿ ಇದ್ದ ಗೂಡೊಂದಿತ್ತು. ಅದೇ ಅವಳ ಆಫೀಸು. ದುಬಾರಿ ಮದ್ಯದ ಖಾಲಿ ಬಾಟಲಿ ಇಡಿಯಾಗಿ ಹೊರಗೆ ಹೋದರೆ ಯಾರಾದರೂ ಅದಕ್ಕೆ ಹಾಳುಮೂಳು ತುಂಬಿ, ಮುಚ್ಚಳ ಬಿಗಿದು, ಅಸಲಿ ಎಂದು ಮಾರಿಬಿಡುತ್ತಾರೆ. ಹಾಗಾಗಿ ಒಂದೂ ಬಾಟಲಿ ಒಡೆಯದೆ ಗೇಟು ದಾಟಬಾರದು ಎಂಬುದು ಹೋಟೆಲಿನ ಕಟ್ಟುನಿಟ್ಟು. ಆ ಕೆಲಸಕ್ಕೆ ಇವಳಿದ್ದಳು.

ಕಣ್ಣಿಗೆ ಪ್ಲಾಸ್ಟಿಕ್ಕಿನ ಕನ್ನಡಕ, ಕೈಗೆ ಮೊಣಕೈವರೆಗೆ ಬರುವ ಚರ್ಮದ ಗ್ಲೌಸು, ಮುಂದೆ ಮರದ ದಿಮ್ಮಿ. ಬಾಟಲಿಯನ್ನು ಗೋಣಿಚೀಲದಲ್ಲಿ ಸುತ್ತಿ ದಿಮ್ಮಿಯ ಮೇಲೆ ಮಲಗಿಸುತ್ತಿದ್ದಳು. ಮೊದಲ ಏಟು ಕತ್ತಿಗೆ. ಕತ್ತು ಹೋದರೆ ಬಾಟಲಿ ಮತ್ತೆ ಬಾಟಲಿಯಾಗುವುದಿಲ್ಲ. ಎರಡನೆಯದು ಹೊಟ್ಟೆಗೆ. ತಳ ದಪ್ಪ ಇದ್ದರೆ ಮೂರನೆಯದೂ ಬೇಕು. ಹೊಡೆಯುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ‘ಹಾಳಾಗಿ ಹೋಗು’, ‘ಎಷ್ಟು ಸಂಸಾರ ನುಂಗಿದೆ ಹೇಳು’, ‘ನಿನ್ನ ವಂಶ ನಿರ್ವಂಶ ಆಗ’ ಎಂದು ಒಂದೊಂದು ಬಾಟಲಿಗೂ ಒಂದೊಂದು ಬೈಗುಳ. ಬೈಯದಿದ್ದರೆ ಅವಳಿಗೆ ಸುತ್ತಿಗೆಯೇ ಮೇಲೇಳುತ್ತಿರಲಿಲ್ಲ ಎನ್ನಿ.

ಬಾರಿನ ಕೌಂಟರಿನಲ್ಲಿ ನಿಲ್ಲುವ ಮುದುಕ ದಿನಾ ಕ್ರೇಟು ಹೊತ್ತು ತಂದು, ಎಲ್ಲ ಒಡೆದು ಮುಗಿಯುವವರೆಗೆ ಜಾಲರಿಯ ಹೊರಗೆ ಕಾಯಬೇಕಿತ್ತು. ಅವನಿಗೆ ಇವಳ ಬೈಗುಳವೇ ಒಂದು ಮನರಂಜನೆ.

“ಅಕ್ಕ, ಅದು ಖಾಲಿ ಬಾಟಲಿ. ಒಳಗಿದ್ದದ್ದು ಆಗಲೇ ಯಾರದೋ ಹೊಟ್ಟೆ ಸೇರಿ ಕರಗಿ ಹೋಯ್ತು. ಸುಮ್ನೆ ಗಾಜನ್ನ ಯಾಕೆ ಬೈತೀರಿ?”

“ನಿಮ್ಮ ಪಾಡಿಗೆ ನೀವು ನಿಂತ್ಕೊಳ್ಳಿ ಅಣ್ಣ. ನಾನು ಯಾರನ್ನ ಬೈತಾ ಇದೀನಿ ಅಂತ ಅದಕ್ಕೆ ಗೊತ್ತು.”

ಅವಳು ಬೈಯುತ್ತಿದ್ದದ್ದು ತನ್ನ ಗಂಡನನ್ನು ತಿಂದ ಕುಡಿತವನ್ನು. ಅವಳ ಲೆಕ್ಕದಲ್ಲಿ ಗಂಡ ಬೇರೆ, ಕುಡಿತ ಬೇರೆ. ಗಂಡ ಲಾರಿ ರಿಪೇರಿ ಮಾಡುತ್ತಿದ್ದ. ಊರೆಲ್ಲ ಅವನಿಗೆ ಒಳ್ಳೆಯ ಮಾತು ಹೇಳುವವರೇ. ಬಾಯಲ್ಲಿ ಬೆರಳಿಟ್ಟರೂ ಕಚ್ಚದವನು, ಕುಡಿದಾಗ ಮಾತ್ರ ಹಾಗೆ ಎನ್ನುತ್ತಿದ್ದರು. ಈ ‘ಹಾಗೆ’ ಎಂದರೆ ಏನು ಎಂದು ಕೇಳಿ. ಸ್ಪ್ಯಾನರಿನಿಂದ ಹೊಡೆದು ಅವಳ ಎಡಗಿವಿಯನ್ನು ಕಿವುಡು ಮಾಡಿದ್ದು. ಪಕ್ಕೆಗೆ ಒದ್ದು ಎಲುಬು ಮುರಿದದ್ದು. ಕುದಿಯುವ ನೀರಿನ ಪಾತ್ರೆಯನ್ನು ತೊಡೆಯ ಮೇಲೆ ಮಗುಚಿದ್ದು. ಬಸಿರಿಯನ್ನು ಮೆಟ್ಟಿಲಿನಿಂದ ನೂಕಿದ್ದು. ಆ ಮಗು ಉಳಿಯಲಿಲ್ಲ. ಅತ್ತೆ ಬಂದು ಗಾಯಕ್ಕೆ ಅರಿಸಿನ ಹಚ್ಚುತ್ತಾ, “ಹೊಡೆದದ್ದು ಅವನಲ್ಲ ಕಣೇ, ಅವನ ಒಳಗೆ ಸೇರಿದ ಎಣ್ಣೆ” ಎಂದಿದ್ದಳು. ಅವಳು ಅದನ್ನು ನಂಬಿದಳು. ನಂಬದೆ ಇದ್ದಿದ್ದರೆ ಅದೇ ಚಾಪೆಯ ಮೇಲೆ ಅದೇ ಮನುಷ್ಯನ ಪಕ್ಕ ಮಲಗುವುದು ಹೇಗೆ ಹೇಳಿ.

ಅವನು ಈಲಿ ಕೆಟ್ಟು, ಹೊಟ್ಟೆ ಊದಿ ಸತ್ತ. ಸತ್ತ ಮರುವಾರ ಅವಳು ಮಂಚದ ಕೆಳಗಿದ್ದ ಖಾಲಿ ಬಾಟಲಿಗಳನ್ನೆಲ್ಲ ಎಳೆದು ಹಿತ್ತಿಲಿಗೆ ತಂದು ಕಲ್ಲೆತ್ತಿ ಹಾಕಿ ಒಡೆದಳು. ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿದ್ದ ಪಕ್ಕದ ಮನೆಯವಳು ಬೇಲಿಯಾಚೆಯಿಂದ ನೋಡಿ, “ಈ ಕೆಲಸಕ್ಕೆ ನಮ್ಮಲ್ಲಿ ಸಂಬಳ ಕೊಡ್ತಾರೆ ಕಣೆ, ಬಿಟ್ಟಿ ಯಾಕೆ ಮಾಡ್ತೀಯ” ಎಂದಳು. ಅಂದು ಹಿಡಿದ ಸುತ್ತಿಗೆ ಇಂದಿಗೂ ಕೈಬಿಟ್ಟಿಲ್ಲ. ಮಗಳನ್ನು ಬೆಳೆಸಿದ್ದು, ಓದಿಸಿದ್ದು ಎಲ್ಲಾ ಅದೇ ದಿಮ್ಮಿಯ ಮುಂದೆ ಕೂತು.

ಮಗಳಿಗೆ ಗಂಡು ಹುಡುಕುವಾಗ ಅವಳು ಬೇರೇನನ್ನೂ ಕೇಳಲಿಲ್ಲ. ಮನೆ ಸ್ವಂತದ್ದೋ ಬಾಡಿಗೆಯದೋ, ಕೆಲಸ ಕಾಯಮ್ಮೋ ಅಲ್ಲವೋ, ಯಾವುದೂ ಬೇಕಿರಲಿಲ್ಲ. ಕುಡಿಯುತ್ತಾನಾ? ಇಷ್ಟೇ ಪ್ರಶ್ನೆ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಹುಡುಗನೊಬ್ಬನ ಸಂಬಂಧ ಬಂತು. ತಣ್ಣಗಿನ ಮಾತು, ಇಸ್ತ್ರಿ ಮುರಿಯದ ಅಂಗಿ. ನೋಡಲು ಬಂದ ದಿನ ಅವಳು ನೀರು ಕೊಡುವ ನೆಪದಲ್ಲಿ ಬಾಗಿ ಅವನ ಬಾಯಿಯ ವಾಸನೆ ಹಿಡಿದಳು. ಲವಂಗ. ಅಷ್ಟಕ್ಕೇ ಬಿಟ್ಟವಳಲ್ಲ. ಅವನ ಓಣಿಯ ಸುತ್ತಮುತ್ತ ಇರುವ ಬಾರುಗಳಿಗೆಲ್ಲ ಹೋಗಿ, ಬಾಗಿಲಲ್ಲಿ ನಿಂತು, ಫೋಟೋ ತೋರಿಸಿ ವಿಚಾರಿಸಿದಳು. ಯಾರಿಗೂ ಅವನ ಮುಖದ ಪರಿಚಯವೇ ಇರಲಿಲ್ಲ. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. “ನನ್ನ ಅಳಿಯ ಟೀ ಕೂಡ ಕುಡಿಯಲ್ಲ, ಬರೀ ಬಿಸಿನೀರು” ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಮದುವೆಯಾದ ವರ್ಷವೇ ಮಗಳು ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತಳು. ತೋಳಿನ ಮೇಲೆ ಬೆರಳಚ್ಚು ನೀಲಿಗಟ್ಟಿತ್ತು.

“ಕುಡಿದಿದ್ನಾ?” ಎಂದು ಅಮ್ಮ ಕೇಳಿದಳು.

“ಇಲ್ಲ.”

“ಮತ್ತೆ? ಕುಡಿಯದೆ ಇರೋನು ಸುಮ್ಸುಮ್ನೆ ಯಾಕೆ ಹೊಡೀತಾನೆ? ನೀನೇನು ಮಾಡಿದೆ?”

ಮಗಳು ಹೇಳಲು ನೋಡಿದಳು. ಅಮ್ಮನ ಬಲಗಿವಿಗೂ ಅದು ಬೀಳಲಿಲ್ಲ. ಬೆಳಿಗ್ಗೆ ತಾನೇ ಬಸ್ಸು ಹತ್ತಿಸಿ ಕಳಿಸಿದಳು. ಎರಡನೆಯ ಸಲ ಹಿಂದಲೆಯಲ್ಲಿ ಒಂದು ಹಿಡಿ ಕೂದಲೇ ಇರಲಿಲ್ಲ. ಆಗಲೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಬಸ್ಸು. ಮೂರನೆಯ ಸಲ ಮಗಳು ಕಾಲು ಎಳೆದುಕೊಂಡು ಬಂದಾಗ, “ನಿಮ್ಮಪ್ಪನ ಜೊತೆ ನಾನು ಬಾಳಿದ್ದನ್ನ ನೀನು ಕಣ್ಣಾರೆ ನೋಡಿದೀಯ. ಅದಕ್ಕೆ ಹೋಲಿಸಿದ್ರೆ ನಿಂದು ಅರಮನೆ. ಹನಿ ಮುಟ್ಟದ ಗಂಡ. ಹೊಂದಿಕೊಂಡು ಹೋಗು” ಎಂದಳು. ಹೇಳುತ್ತಾ ಅವಳಿಗೆ ತನ್ನ ಮಾತಿನಲ್ಲಿ ಒಂದಿಷ್ಟೂ ಅನುಮಾನ ಬರಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರುವುದು ಇಲ್ಲೇ. ಅಷ್ಟು ಏಟು ತಿಂದ ಹೆಂಗಸಿಗೆ ಏಟಿನ ಗುರುತು ಸಿಗಲಿಲ್ಲವೆಂದರೆ ಏನು ಹೇಳುವುದು?

ಆಮೇಲೆ ಮಗಳು ಮನೆಗೆ ಬರುವುದನ್ನೇ ಬಿಟ್ಟಳು. ಫೋನು ಮಾಡಿದರೆ ಚೆನ್ನಾಗಿದೀನಿ ಅನ್ನುತ್ತಿದ್ದಳು. ಅಮ್ಮ ನೆಮ್ಮದಿಯಾಗಿದ್ದಳು.

ಆ ದಿನ ಮಧ್ಯಾಹ್ನ ಸುತ್ತಿಗೆ ಅಕ್ಕ ಮೊದಲ ಕ್ರೇಟಿನ ಅರ್ಧದಲ್ಲಿದ್ದಾಗ ಜಾಲರಿಯ ಹೊರಗೆ ಯಾರೋ ನಿಂತಂತಾಯಿತು. ಕೌಂಟರಿನ ಮುದುಕ ಎಂದುಕೊಂಡು ತಲೆ ಎತ್ತಿದರೆ, ಮಗಳು. ತಲೆಯ ಮೇಲಿನ ವೇಲನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ತೆಗೆದಾಗ ಕೆಳತುಟಿ ಸೀಳಿ ರಕ್ತ ಒಣಗಿತ್ತು. ಬಲಗೈಯ ಎರಡು ಬೆರಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಒಂದರ ಉಗುರು ಇರಲಿಲ್ಲ.

“ಏನೇ ಇದು?”

“ಅವರ ಕನ್ನಡಕ ಒರೆಸೋ ಬಟ್ಟೇನ ಬೇರೆ ಬಟ್ಟೆ ಜೊತೆ ಒಗೆದುಬಿಟ್ಟೆ.” ಮಗಳು ಪಾಠ ಒಪ್ಪಿಸುವವಳಂತೆ ಹೇಳಿದಳು. “ಅವರು ವಾಚು ಬಿಚ್ಚಿ ಶೆಲ್ಫಿನ ಮೇಲಿಟ್ರು. ಹೊಡೆಯೋ ಮುಂಚೆ ಯಾವಾಗಲೂ ವಾಚು ಬಿಚ್ಚಿಡ್ತಾರೆ. ಬಾಗಿಲ ಸಂದಿಗೆ ಬೆರಳಿಡು ಅಂದ್ರು. ಇಟ್ಟೆ. ಬಾಗಿಲು ಹಾಕಿದ್ರು.”

“ನೀನೇ ಇಟ್ಟೆಯಾ?”

“ಇಡದಿದ್ರೆ ಎಡಗೈದೂ ಸೇರಿಸಿ ಇಡಿಸ್ತಾರೆ.”

ಸುತ್ತಿಗೆ ಅಕ್ಕನ ಬಾಯಿಂದ ಆ ಹಳೆಯ ಮಾತು ತಾನಾಗಿ ಬಂತು. “ಕುಡಿದಿದ್ನಾ?”

ಮಗಳು ನಕ್ಕಳು. ನಕ್ಕಾಗ ತುಟಿ ಮತ್ತೆ ಬಿರಿದು ರಕ್ತ ಗಲ್ಲಕ್ಕಿಳಿಯಿತು. ಅವಳು ಅದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ.

“ಅದಕ್ಕೇ ಬಂದೆ ಅಮ್ಮ. ಇಷ್ಟೊಂದು ಬಾಟಲಿ ಬರುತ್ತಲ್ಲ ನಿನ್ನ ಹತ್ರ, ತಳದಲ್ಲಿ ಉಳಿದಿರೋದನ್ನ ಒಂದಿಷ್ಟು ಕೂಡಿಸಿ ಕೊಡು. ಹೇಗಾದ್ರೂ ಮಾಡಿ ಅವರಿಗೆ ಕುಡಿಸ್ತೀನಿ. ಅವರೂ ಕುಡುಕ ಅಂತಾದ್ರೆ, ಆಗಲಾದ್ರೂ ನೀನು ನನ್ನನ್ನ ಮನೆಗೆ ಸೇರಿಸ್ಕೋತೀಯ.”

ಮಗಳು ವೇಲನ್ನು ಮತ್ತೆ ಬಾಯಿಗೆ ಎಳೆದುಕೊಂಡಳು. ಅವರು ಅಂಗಡಿಯಿಂದ ಬರೋದ್ರೊಳಗೆ ಮನೇಲಿರಬೇಕು ಎಂದು ಹೊರಟೇಹೋದಳು. ಗೂಡಿನೊಳಗಿದ್ದವಳು ಬಾಟಲಿಯೊಂದನ್ನು ಗೋಣಿಯಲ್ಲಿ ಸುತ್ತಿ ಮಲಗಿಸಿ ಸುತ್ತಿಗೆ ಎತ್ತಿದಳು. ಬೈಗುಳ ಬರಲಿಲ್ಲ. ಸುತ್ತಿಗೆ ಹಾಗೇ ತೊಡೆಯ ಮೇಲೆ ಬಂದು ಕೂತಿತು. ಅಷ್ಟರಲ್ಲಿ ಮುದುಕ ಇನ್ನೊಂದು ಕ್ರೇಟು ತಂದ.

“ಏನಕ್ಕ, ಇವತ್ತು ಬಾಯಿಗೆ ಬೀಗ? ಬೇಗ ಮುಗಿಸಿ. ಒಳಗೆ ನಮ್ಮೋರಿಗೆಲ್ಲ ರುಚಿ ತೋರಿಸ್ತಾ ಇದಾರೆ. ಅಮೆರಿಕದ್ದು ಯಾವುದೋ ಹೊಸದು ಬಂದಿದೆ. ಗಿರಾಕಿಗೆ ಮಾರೋಕೆ ಮುಂಚೆ ನಾವು ಕುಡಿದು ನೋಡ್ಬೇಕಂತೆ. ಇಂಥ ಕಷ್ಟದ ಕೆಲಸ ದೇವರು ದಿನಾ ಕೊಡ್ಲಿ.”

ಅವಳು ಗ್ಲೌಸು ಕಿತ್ತು ದಿಮ್ಮಿಯ ಮೇಲೆ ಒಗೆದಳು. “ನಡೀರಿ, ನಾನೂ ಬರ್ತೀನಿ.”

ಮುದುಕ ತಮಾಷೆ ಎಂದುಕೊಂಡ. ಅವಳು ಆಗಲೇ ಅಡುಗೆಮನೆ ದಾಟಿ, ಇಷ್ಟು ವರ್ಷದಲ್ಲಿ ಒಂದು ದಿನವೂ ತಳ್ಳದ ಬಾರಿನ ಬಾಗಿಲನ್ನು ತಳ್ಳಿ ಒಳಗೆ ಹೋಗಿದ್ದಳು. ಗಿರಾಕಿಗಳು ಬರುವ ಹೊತ್ತು ಇನ್ನೂ ಆಗಿರಲಿಲ್ಲ. ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿ ಕೂತಿದ್ದವು. ಉದ್ದದ ಮೇಜೊಂದರ ಸುತ್ತ ಸಪ್ಲೈಯರುಗಳು ನಿಂತಿದ್ದರು. ಕಂಪನಿಯಿಂದ ಬಂದ ಹುಡುಗಿಯೊಬ್ಬಳು, ಕರಿ ಕೋಟು ಹಾಕಿದವಳು, ಗಿಡ್ಡ ಬಾಟಲಿಯೊಂದನ್ನು ಕೈಯಲ್ಲಿ ಹಿಡಿದು ವಿವರಿಸುತ್ತಿದ್ದಳು. ಅದು ಹೊಗೆ ವಿಸ್ಕಿ, ಕೊನೆಗೆಂದು ಇಟ್ಟುಕೊಂಡಿದ್ದಳು. ಅದನ್ನು ಮೊದಲೇ ಕುಡಿದರೆ ನಾಲಿಗೆ ಬೇರೆ ಯಾವುದರ ರುಚಿಯನ್ನೂ ಹಿಡಿಯುವುದಿಲ್ಲವಂತೆ.

“ಬರೀ ಬಾರ್ಲಿ, ಒಂದೇ ಭಟ್ಟಿಯದು. ಜೌಗು ನೆಲದಲ್ಲಿ ಹುಲ್ಲು, ಪಾಚಿ ಎಲ್ಲಾ ಕೊಳೆತು ಗಟ್ಟಿಯಾಗಿರುತ್ತೆ. ಪೀಟ್ ಅಂತಾರೆ. ಅದನ್ನ ಕಡಿದು, ಒಣಗಿಸಿ, ಉರಿಸಿ, ಆ ಹೊಗೆಯಲ್ಲಿ ಬಾರ್ಲಿ ಒಣಗಿಸ್ತಾರೆ. ಈ ವಾಸನೆ ಅಲ್ಲಿಂದ ಬಂದಿದ್ದು. ಆಮೇಲೆ ಓಕ್ ಮರದ ಪೀಪಾಯಲ್ಲಿ ವರ್ಷಗಟ್ಟಲೆ…”

“ನನಗೂ ಒಂದು ಗ್ಲಾಸು ಕೊಡಮ್ಮ,” ಎಂದಳು ಸುತ್ತಿಗೆ ಅಕ್ಕ.

ಸಪ್ಲೈಯರುಗಳು ಮುಖ ಮುಖ ನೋಡಿಕೊಂಡರು. ಒಬ್ಬ ಕಿಸಕ್ಕೆಂದ. ಹುಡುಗಿಗೆ ಇವಳ ಪೂರ್ವಾಪರ ಏನು ಗೊತ್ತು? ಸಂತೋಷದಿಂದಲೇ ಹೊಟ್ಟೆ ದಪ್ಪ, ಬಾಯಿ ಸಣ್ಣ ಇದ್ದ ಗ್ಲಾಸಿಗೆ ಎರಡು ಬೆರಳಷ್ಟು ಹೊಯ್ದು ಕೊಟ್ಟಳು. ಮೊದಲು ಮೂಗಿನ ಹತ್ತಿರ ಹಿಡೀರಿ, ಬಾಯಿ ಚೂರು ತೆರೆದಿರಲಿ, ಜೋರಾಗಿ ಎಳೀಬೇಡಿ ಎಂದಳು.

ಅವಳು ಹಿಡಿದಳು. ನೀರು ಸುರಿದು ಆರಿಸಿದ ಒಲೆಯ ವಾಸನೆ. ಅದರ ಹಿಂದೆಯೇ ಆಸ್ಪತ್ರೆಯ ಬ್ಯಾಂಡೇಜಿನ ವಾಸನೆ. ಗಂಡನ ಬಾಯಿಂದ ಬರುತ್ತಿದ್ದ ಹುಳಿ ನಾತ ಎಷ್ಟು ಹುಡುಕಿದರೂ ಸಿಗಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು, ಗಂಟಲಲ್ಲಿ ಬೆಂಕಿ ಇಳಿದುಹೋಯಿತು. ಕೆಮ್ಮಿದಳು. ಯಾರೋ ನೀರು ಕೊಡಲು ಬಂದರೆ ಕೈ ಅಡ್ಡ ಹಿಡಿದಳು. ಬೆಂಕಿ ಇಳಿದ ಮೇಲೆ ಹೊಗೆ ಉಳಿಯಿತು. ಹೊಗೆಯೊಳಗಿಂದ ಸುಟ್ಟ ಸಕ್ಕರೆಯ ಸಿಹಿ ಮೆಲ್ಲಗೆ ಮೇಲೆ ಬಂತು, ಕೊನೆಗೆ ಚೂರೇ ಚೂರು ಉಪ್ಪು. ಹೊಟ್ಟೆ ಬೆಚ್ಚಗಾಯಿತು. ಹುಡುಗಿ ಹೇಳಿದಂತೆ ಎರಡು ಹನಿ ನೀರು ಬಿಟ್ಟುಕೊಂಡು ಇನ್ನೊಂದು ಗುಟುಕು ಕುಡಿದಳು. ಈ ಸಲ ಸಿಹಿ ಮೊದಲೇ ಬಂತು.

ಚೆನ್ನಾಗಿತ್ತು. ಅಯ್ಯೋ, ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಹೇಗಿದೆ ಆಂಟಿ? ಹೊಗೆ ಸಿಕ್ತಾ?” ಎಂದಳು ಹುಡುಗಿ.

ಸುತ್ತಿಗೆ ಅಕ್ಕ ಗ್ಲಾಸು ಪೂರ್ತಿ ಖಾಲಿ ಮಾಡಿದಳು. ಕುರ್ಚಿಯೊಂದನ್ನು ಇಳಿಸಿಕೊಂಡು, ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ನೋಡುತ್ತಾ ಕೂತಳು. ಆಮೇಲೆ ಮುದುಕನ ಕಡೆ ತಿರುಗಿ ಕೇಳಿದಳು, “ಅಣ್ಣ, ಕೈ ಯಾವಾಗ ಏಳುತ್ತೆ?”

“ಏನು ಕೈ?”

“ಇದು ಒಳಗೆ ಹೋದ ಮೇಲೆ ಹೊಡೀಬೇಕು ಅನ್ಸುತ್ತಲ್ಲ. ಅದು ಯಾವಾಗ ಬರುತ್ತೆ? ಇನ್ನೊಂದು ಗ್ಲಾಸು ಬೇಕಾ?”

ಮುದುಕ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತ.

“ಅಕ್ಕ, ನಾನು ಮೀಸೆ ಬಂದಾಗಿಂದ ಕುಡೀತಾ ಇದೀನಿ. ಕುಡಿಯೋದು ಒಳ್ಳೇದು ಅಂತ ಹೇಳಲ್ಲ. ಮನೆ ಹಾಳು ಮಾಡ್ಕೊಂಡಿದೀನಿ, ಚರಂಡೀಲಿ ಬಿದ್ದಿದೀನಿ, ಸತ್ತ ಅಮ್ಮನ್ನ ನೆನೆಸ್ಕೊಂಡು ಬೀದೀಲಿ ಅತ್ತಿದೀನಿ. ಮನೇಲಿರೋ ಬೆಕ್ಕಿಗೂ ಹೊಡೆದಿಲ್ಲ. ಇದರೊಳಗೆ ಕೈ ಇಲ್ಲ ಅಕ್ಕ.”

ಅವಳು ಗ್ಲಾಸನ್ನೇ ನೋಡುತ್ತಿದ್ದಳು. ಒಂದೊಂದಾಗಿ ನೆನಪಿಗೆ ಬಂತು. ಕುದಿಯುವ ನೀರು ಮಗುಚಿದ್ದು ಬೆಳಿಗ್ಗೆ, ಅವನು ಹಲ್ಲುಜ್ಜಿ ಬಂದ ಮೇಲೆ. ಬೆಳಿಗ್ಗೆ ಹೊಡೆದರೆ, ರಾತ್ರಿಯದು ಇನ್ನೂ ಇಳಿದಿಲ್ಲ ಎನ್ನುತ್ತಿದ್ದಳು. ಸಂಜೆ ಹೊಡೆದರೆ, ಇವತ್ತಿನದು ಇನ್ನೂ ಸಿಕ್ಕಿಲ್ಲ ಎನ್ನುತ್ತಿದ್ದಳು. ಎಷ್ಟೇ ತೂರಾಡುತ್ತ ಬಂದರೂ ಅವನು ಗ್ಯಾರೇಜಿನ ಧಣಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ದಾರಿಯಲ್ಲಿ ಪೊಲೀಸಿನವನು ಸಿಕ್ಕರೆ ನೆಟ್ಟಗೆ ನಿಂತು ಸಲಾಮು ಹೊಡೆಯುತ್ತಿದ್ದ. ಮನೆಯೊಳಗೆ ಬಂದು ಅಗುಳಿ ಹಾಕಿದ ಮೇಲೆಯೇ ಅವನ ಕೈ ಏಳುತ್ತಿತ್ತು. ಅಗುಳಿ ಹಾಕುವಷ್ಟು ಬುದ್ಧಿ ಯಾವಾಗಲೂ ನೆಟ್ಟಗಿತ್ತು. ಹೊಡೆದವನು ಅವನೇ. ಅವಳು ಇಷ್ಟು ವರ್ಷ ಗಾಜಿಗೆ ಹೊಡೆದಳು, ಕುಡಿಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ಇನ್ನೊಬ್ಬ ಅಂಥವನನ್ನೇ ಆರಿಸಿ ಮಗಳನ್ನು ಧಾರೆ ಎರೆದಳು, ಮೂರು ಸಲ ಬಸ್ಸು ಹತ್ತಿಸಿದಳು.

ಎದ್ದು ನಿಂತಳು. ಹೆಜ್ಜೆ ತೂರಾಡಲಿಲ್ಲ. “ನನ್ನ ಮಗಳನ್ನ ಕರ್ಕೊಂಡು ಬರ್ತೀನಿ” ಎಂದಷ್ಟೇ ಹೇಳಿ ಹೊರಟಳು.

ಅಳಿಯನ ಮನೆ ಇದ್ದದ್ದು ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ. ಒಂದು ಹಾಲು, ಒಂದು ಅಡುಗೆಮನೆ, ಒಂದು ಮಲಗುವ ಕೋಣೆ. ಎಲ್ಲಿ ನೋಡಿದರೂ ಧೂಳಿನ ಸುಳಿವಿಲ್ಲ. ಸಂಜೆ ಅವಳು ಬಾಗಿಲು ಬಡಿದಾಗ ಅವನು ಅಂಗಡಿಯಿಂದ ಬಂದು, ಮರುದಿನದ ಅಂಗಿಗೆ ತಾನೇ ಇಸ್ತ್ರಿ ಹಾಕುತ್ತಿದ್ದ. ಹೆಂಡತಿ ಹಾಕಿದ ಇಸ್ತ್ರಿ ಅವನಿಗೆ ಹಿಡಿಸುತ್ತಿರಲಿಲ್ಲ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಬನ್ನಿ ಅತ್ತೆ, ಕೂತ್ಕೊಳ್ಳಿ,” ಎಂದವನು ಎರಡು ಹೆಜ್ಜೆ ಹತ್ತಿರ ಬಂದು ನಿಂತುಬಿಟ್ಟ. ಮೂಗು ಅರಳಿತು. “ಅತ್ತೆ, ನೀವು ಕುಡಿದಿದೀರಾ?”

“ಹೂಂ. ಒಂದು ಗ್ಲಾಸು. ಚೆನ್ನಾಗಿತ್ತು. ಮಗಳನ್ನ ಕರ್ಕೊಂಡು ಹೋಗ್ತೀನಿ.”

“ಛೀ,” ಎಂದ ಅವನು. ದನಿ ಏರಲಿಲ್ಲ. “ಇಂಥ ಮನೆಯಿಂದ ಹೆಣ್ಣು ತಂದೆನಲ್ಲ. ಕುಡುಕರು ನನ್ನ ಮನೆ ಹೊಸಿಲು ತುಳಿಯೋದು ನನಗಾಗಲ್ಲ ಅಂತ ಇವಳಿಗೆ ಹೇಳಿದೀನಿ. ನೀನೇ ಕರೆಸಿದ್ಯಾ? ಬಾ ಇಲ್ಲಿ.”

ಹೇಳುತ್ತಲೇ ವಾಚು ಬಿಚ್ಚಿದ. ಶೆಲ್ಫಿನ ಮೇಲೆ ಪಟ್ಟಿ ನೆಟ್ಟಗೆ ಮಾಡಿ ಇಟ್ಟ. ಸುತ್ತಿಗೆ ಅಕ್ಕ ಅವನನ್ನಲ್ಲ, ಮಗಳನ್ನು ನೋಡಿದಳು. ಬಾ ಎಂದ ತಕ್ಷಣ ಮಗಳು ಬಂದಳು. ಬಂದು ಅವನ ಕೈಗೆಟುಕುವಷ್ಟು ಹತ್ತಿರ ನಿಂತು ಕಣ್ಣು ಮುಚ್ಚಿಕೊಂಡಳು. ಏಟು ಬೀಳುವುದಕ್ಕೆ ಮುಂಚೆ ಉಸಿರು ಹಿಡಿದು ನಿಲ್ಲುವುದನ್ನು ಅವಳು ಯಾರನ್ನು ನೋಡಿ ಕಲಿತಿದ್ದಾಳೆಂದು ಅಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ.

ಅವನು ಮಗಳ ಜುಟ್ಟು ಹಿಡಿದು ತಲೆಯನ್ನು ಕಬ್ಬಿಣದ ಬೀರುವಿಗೆ ಬಡಿದ. ಬೀರು ಧಡಾರೆಂದಿತು. ಮತ್ತೊಮ್ಮೆ ಬಡಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಮಗಳು ಕೂಗಲಿಲ್ಲ. ಮೂರನೆಯ ಸಲಕ್ಕೆ ಅವನು ಎಡಗೈಯಲ್ಲಿ ಜುಟ್ಟು ಹಿಡಿದು, ಬಲಗೈಯನ್ನು ಬೀರುವಿಗೆ ಊರಿ ಆಸರೆ ಮಾಡಿಕೊಂಡ.

ಸುತ್ತಿಗೆ ಅಕ್ಕನ ಕೈಗೆ ಇಸ್ತ್ರಿಪೆಟ್ಟಿಗೆ ಬಂತು. ವೈರು ಕಿತ್ತು ಬಂತು. ಅವನ ಕತ್ತು ಅವಳ ಮುಂದೆಯೇ ಬಾಗಿತ್ತು. ಕೈಗೆ ರೂಢಿಯಾದ ಜಾಗ ಅದು. ಅವಳು ಕತ್ತನ್ನು ನೋಡಿದಳು, ಅಲ್ಲಿಂದ ಕಣ್ಣು ತೆಗೆದು ಬೀರುವಿಗೆ ಊರಿದ್ದ ಬಲಗೈಯನ್ನು ನೋಡಿದಳು. ಇಸ್ತ್ರಿಪೆಟ್ಟಿಗೆಯ ಅಂಚನ್ನು ಆ ಮಣಿಕಟ್ಟಿನ ಮೇಲೆ ಹೊಡೆದಳು. ಎಲುಬು ಲಟಕ್ಕೆಂದಿತು. ಅವನು ಬಾಯಿ ತೆರೆದ, ದನಿ ಬರುವಷ್ಟರಲ್ಲಿ ಎರಡನೆಯದು ಬೆರಳುಗಳ ಮೇಲೆ ಬಿತ್ತು. ಅವನು ನೆಲಕ್ಕೆ ಕುಸಿದು ಕೈಯನ್ನು ಹೊಟ್ಟೆಗೆ ಅವುಚಿಕೊಂಡು ಕಿರುಚತೊಡಗಿದ. ಅವಳು ಮೂರನೆಯದಕ್ಕೆ ಎತ್ತಿದವಳು ಅಲ್ಲಿಗೇ ನಿಲ್ಲಿಸಿದಳು. ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಮಗಳ ಕಣ್ಣಿನ ರಕ್ತ ಒರೆಸಿದಳು.

ಅಕ್ಕಪಕ್ಕದವರು ಓಡಿಬಂದರು. ಇಷ್ಟು ದಿನ ಬೀರುವಿನ ಸದ್ದು ಯಾರ ಕಿವಿಗೂ ಬಿದ್ದಿರಲಿಲ್ಲ ನೋಡಿ, ಗಂಡಸಿನ ಕಿರುಚಾಟ ಎಲ್ಲರಿಗೂ ಕೇಳಿಸಿತು. ಬಂದವರಲ್ಲಿ ಒಬ್ಬಳು ಮೂಗು ಮುಚ್ಚಿಕೊಂಡು, “ಥೂ, ಮುದುಕಿ ಕುಡಿದಿದಾಳೆ” ಎಂದಳು. ಅಷ್ಟೇ ಸಾಕಾಯಿತು. ಪೊಲೀಸು ಬರುವ ಹೊತ್ತಿಗೆ ಮೆಟ್ಟಿಲ ತುಂಬಾ ಅದೇ ಮಾತು ಹರಿದಾಡುತ್ತಿತ್ತು.

ಠಾಣೆಯ ಅಧಿಕಾರಿ ದಣಿದ ಮುಖದವನು, ಕೆಟ್ಟವನಲ್ಲ. ಆಸ್ಪತ್ರೆಯಿಂದ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಅಳಿಯನಿಗೆ ಕುರ್ಚಿ ಹಾಕಿಸಿದ. ಸುತ್ತಿಗೆ ಅಕ್ಕನನ್ನು ಮೇಜಿನ ಎದುರು ನಿಲ್ಲಿಸಿದ. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಮಗಳು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ತೆರೆದ ಬಾಗಿಲಿನಿಂದ ಒಳಗಿನದೆಲ್ಲ ಅವಳಿಗೆ ಕಾಣುತ್ತಿತ್ತು, ಕೇಳುತ್ತಿತ್ತು.

ಅಳಿಯ ಅಧಿಕಾರಿಗೆ ತಗ್ಗಿದ ದನಿಯಲ್ಲಿ ಹೇಳಿದ, “ಸಾರ್, ವಯಸ್ಸಾದವರು. ಕುಡಿದ ಮತ್ತಲ್ಲಿ ಏನು ಮಾಡ್ತಿದೀನಿ ಅಂತ ಗೊತ್ತಾಗಿಲ್ಲ. ಹಾಗಂತ ಅವರೇ ಒಪ್ಪಿಕೊಳ್ಳಲಿ, ನಾನು ದೂರು ಕೊಡಲ್ಲ. ನನ್ನ ಹೆಂಡತಿ ನನ್ನ ಜೊತೆ ಮನೆಗೆ ಬರಲಿ, ಅಷ್ಟು ಸಾಕು.”

ಅಧಿಕಾರಿಗೆ ಹಾಯೆನಿಸಿತು. “ನೋಡಮ್ಮ, ಅಳಿಯ ದೇವರಂಥವನು. ಕುಡಿದಿದ್ದೆ, ತಪ್ಪಾಯ್ತು ಅಂತ ಒಂದು ಮಾತು ಹೇಳು. ಎಲ್ಲರೂ ಮನೆಗ್ ಹೋಗಿ. ಇಲ್ಲಾಂದ್ರೆ ನೀನು ಒಳಗೆ ಹೋಗ್ತೀಯ. ಕೈ ಮುರಿದಿದೆ, ಸಣ್ಣ ವಿಷಯ ಅಲ್ಲ.”

ಒಂದೇ ಒಂದು ಮಾತು. ಹೇಳಿದರೆ ಅವಳು ಇಂದೇ ತನ್ನ ಮನೆಗೆ ಹೋಗಬಹುದು, ಮಗಳು ಆ ಬೀರುವಿನ ಮನೆಗೆ.

“ಕುಡಿದಿದ್ದು ನಿಜ ಸಾರ್,” ಎಂದಳು ಅವಳು. “ಹೊಡೆದಿದ್ದು ಅದಕ್ಕಲ್ಲ. ಅದು ಹೊಡೀಲಿಲ್ಲ, ನಾನು ಹೊಡೆದೆ. ಕತ್ತಿಗೆ ಹೊಡೀಬಹುದಿತ್ತು, ಎದುರಿಗೇ ಇತ್ತು. ಬೇಡ ಅಂತ ಬಿಟ್ಟು, ನೋಡಿ ಕೈಗೇ ಹೊಡೆದೆ. ಹಂಗೇ ಬರ್ಕೊಳ್ಳಿ.”

“ನೀನು ಏನು ಹೇಳ್ತಿದೀಯ ಅಂತ ಗೊತ್ತಾಗ್ತಿದೆಯೇನಮ್ಮ?”

“ಈಗ ಗೊತ್ತಾಗ್ತಿದೆ. ಈ ಮನುಷ್ಯ ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಮಗಳ ಬೆರಳು ನೋಡಿ. ಬಾಗಿಲ ಸಂದಿಗೆ ಅವಳ ಕೈಯಿಂದಲೇ ಇಡಿಸಿ ಅಮುಕಿದಾನೆ. ಅದು ಯಾವ ಮತ್ತು ಸಾರ್? ನನ್ನ ಗಂಡ ಹೊಡೆದಾಗ ಎಲ್ಲರೂ ಎಣ್ಣೆ ಹೊಡೀತು ಅಂದ್ರಿ. ನಾನೂ ಹೌದು ಅಂದೆ. ಅವಳು ಮೂರು ಸಲ ನನ್ನ ಬಾಗಿಲಿಗೆ ಬಂದ್ಲು. ಮೂರು ಸಲವೂ ನಾನೇ ಇವನ ಹತ್ರ ವಾಪಸ್ ಕಳಿಸಿದೆ.” ಅವಳು ಹೊರಗಿನ ಬೆಂಚಿನ ಕಡೆ ತಿರುಗಿದಳು. “ಆಗ ನಾನು ಕುಡಿದಿರ್ಲಿಲ್ಲ ಸಾರ್. ಅದಕ್ಕೆ ಯಾರನ್ನ ದೂರಲಿ?”

ಮೂಲೆಯಲ್ಲಿದ್ದ ಮಹಿಳಾ ಪೇದೆ ಎದ್ದು ಹೊರಗೆ ಹೋಗಿ ಮಗಳ ಬೆರಳುಗಳನ್ನು ಕೈಯಲ್ಲಿ ಹಿಡಿದು ನೋಡಿದಳು. ಅಧಿಕಾರಿ ಅಳಿಯನ ಕಡೆ ತಿರುಗಿದ. ಈ ಸಲ ಅವನ ನೋಟ ಬೇರೆಯಾಗಿತ್ತು. “ದೂರು ಎರಡು ಕಡೆಯಿಂದಲೂ ಆಗ್ಬೇಕಾಗುತ್ತೆ” ಎಂದ. ಸುತ್ತಿಗೆ ಅಕ್ಕನಿಗೆ, “ಹೇಳಿಕೆ ಬರೆದುಕೊಳ್ಳೋವರೆಗೆ ಹೊರಗೆ ಬೆಂಚಿನ ಮೇಲೆ ಕೂತಿರು. ಎಲ್ಲಿಗೂ ಹೋಗಂಗಿಲ್ಲ” ಎಂದ.

ಅವಳು ಹೊರಬರುವ ಮುಂಚೆಯೇ ಅಳಿಯ ಎದ್ದು ಬಂದು ಬೆಂಚಿನ ಮುಂದೆ ನಿಂತಿದ್ದ. ಪಟ್ಟಿ ಕಟ್ಟಿದ ಕೈ ಎದೆಗೆ ಒರಗಿತ್ತು. ದನಿ ಅದೇ ತಣ್ಣಗಿನದು.

“ನಡಿ ಮನೆಗೆ.”

ಮಗಳು ತಲೆ ಎತ್ತಲಿಲ್ಲ. ಉಸಿರು ಹಿಡಿದಳು. ಬಾಗಿಲಲ್ಲಿ ನಿಂತ ಅಮ್ಮ ಅದನ್ನು ನೋಡಿದಳು.

“ಕೇಳಿಸ್ಲಿಲ್ವಾ? ಎದ್ದೇಳು.”

ಮಗಳು ಹಿಡಿದಿದ್ದ ಉಸಿರನ್ನು ಬಿಟ್ಟಳು. ಬೆಂಚಿನ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದು, ಖಾಲಿಯಾದ ಜಾಗವನ್ನು ಊದಿದ ಕೈಯಿಂದ ತಟ್ಟಿ, “ಅಮ್ಮ, ಬಾ ಕೂತ್ಕೋ” ಎಂದಳು.